ಇಲಿಯಡ್ ಮೊದಲೋ, ಒಡಿಸ್ಸಿ ಮೊದಲೋ? ಗ್ರೀಕ್ ವೀರರಲ್ಲಿ ನಿಮಗೆ ಹೊಂದುವವನು ಯಾರು

"ಗ್ರೀಕ್ ಮಹಾಕಾವ್ಯ ಓದಬೇಕು ಅಂತ ಆಸೆ, ಯಾವುದರಿಂದ ಶುರು ಮಾಡಲಿ?" ಈ ಪ್ರಶ್ನೆ ನನ್ನ ಬಳಿ ಆಗಾಗ ಬರುತ್ತದೆ. ಕೇಳುವವರು ಒಂದೇ ಥರದವರಲ್ಲ. ಒಬ್ಬರಿಗೆ ಗದುಗಿನ ಭಾರತ ಬಾಯಿಗೇ ಬರುತ್ತದೆ. ಇನ್ನೊಬ್ಬರಿಗೆ ಟ್ರಾಯ್ ಊರನ್ನು ಗೆಲ್ಲಲು ಗ್ರೀಕರು ಒಳಗೆ ಅಡಗಿ ಕೂತ ಮರದ ಕುದುರೆ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಮತ್ತೊಬ್ಬರಿಗೆ ಆಫೀಸಿನ ಬಸ್ಸಿನಲ್ಲಿ ಸಿಗುವ ಅರ್ಧ ಗಂಟೆ ಬಿಟ್ಟು ಪುರುಸೊತ್ತೇ ಇಲ್ಲ. ಇವರೆಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಮೂವರಲ್ಲಿ ಇಬ್ಬರು ಪುಸ್ತಕ ಕೆಳಗಿಡುತ್ತಾರೆ.

ನಾನೂ ಹಾಗೆ ಕೆಳಗಿಟ್ಟವನೇ. ಮೊದಲ ಸಲ ಇಲಿಯಡ್ ತೆಗೆದಾಗ ಎರಡನೇ ಸರ್ಗದಲ್ಲಿ ಹಡಗುಗಳ ಪಟ್ಟಿ ಎದುರಾಯಿತು. ಯಾವ ಊರಿಂದ ಯಾರು ಬಂದರು, ಎಷ್ಟು ಹಡಗು ತಂದರು ಅಂತ ಸಾಲು ಸಾಲು. ಎಲ್ಲ ಕೂಡಿದರೆ 1,186 ಹಡಗು. ಒಂದೂ ಬಿಡಬಾರದು ಅಂತ ಹಠ ಹಿಡಿದು ಓದಿದೆ, ನಲವತ್ತನೇ ಹೆಸರಿಗೆ ನಿದ್ದೆ ಬಂತು. ಆಮೇಲೆ ಎರಡು ವರ್ಷ ಆ ಪುಸ್ತಕ ಮುಟ್ಟಲಿಲ್ಲ. ಆ ಪಟ್ಟಿಯನ್ನು ಸುಮ್ನೆ ದಾಟಿ ಹೋಗಬಹುದಿತ್ತು ಅಂತ ಯಾರೂ ಹೇಳಿರಲಿಲ್ಲ. ನೀವು ದಾಟಿ ಹೋಗಿ.

ಆರಿಸುವ ಮೊದಲು

ಐದು ವಿಷಯ ನೋಡಿಕೊಳ್ಳಿ. ಮೊದಲನೆಯದು ಪುರುಸೊತ್ತು. ಹೋಮರ್ ಎಂಬ ಕವಿಯ ಹೆಸರಿನಲ್ಲಿ ಎರಡು ಕಾವ್ಯ: ಇಲಿಯಡ್ 15,693 ಸಾಲು, ಒಡಿಸ್ಸಿ ಸುಮಾರು 12,100. ಎರಡರಲ್ಲೂ 24 ಭಾಗ. ಇಂಗ್ಲಿಷಿನಲ್ಲಿ ಅದನ್ನು ಬುಕ್ ಅನ್ನುತ್ತಾರೆ, ನಾನು ಸರ್ಗ ಅನ್ನುತ್ತೇನೆ. ದಿನಕ್ಕೊಂದು ಸರ್ಗ ಓದಿದರೆ ತಿಂಗಳೊಳಗೆ ಮುಗಿಯುತ್ತದೆ. ಎರಡನೆಯದು, ಹಿಂದಿನ ಕಥೆ ಎಷ್ಟು ಗೊತ್ತಿರಬೇಕು ಅನ್ನುವುದು. ಈ ಕವಿಗಳು ಕೇಳುಗರಿಗೆ ಕಥೆ ಮೊದಲೇ ಗೊತ್ತು ಎಂದುಕೊಂಡೇ ಹಾಡಿದವರು. ಮೂರನೆಯದು ರಕ್ತ. ಕೆಲವರಿಗೆ ಹಲ್ಲಿನ ನಡುವೆ ಈಟಿ ತೂರಿದ ವರ್ಣನೆ ಓದಿ ಊಟ ಸೇರುವುದಿಲ್ಲ. ನಾಲ್ಕನೆಯದು ಖರ್ಚು.

ಐದನೆಯದಕ್ಕೇ ನನ್ನ ಪ್ರಕಾರ ತೂಕ ಜಾಸ್ತಿ: ಈ ನಾಯಕನ ಜೊತೆ ಒಂದು ತಿಂಗಳು ಇರಬಲ್ಲಿರಾ? ಗ್ರೀಕ್ ವೀರ ಎಂದರೆ ಒಳ್ಳೆಯವನು ಎಂದು ಅರ್ಥವಲ್ಲ. ಮರ್ಯಾದಾ ಪುರುಷೋತ್ತಮನನ್ನು ಹುಡುಕಿಕೊಂಡು ಹೋದರೆ ನಿರಾಶೆ ಖಂಡಿತ. ಇವರು ಸಿಟ್ಟುಗಾರರು, ಸುಳ್ಳುಗಾರರು, ಒಬ್ಬನಂತೂ ಕೈಲಾಗದವನು. ಯಾರ ಯಾವ ಕೊರತೆಯನ್ನು ನೀವು ಸಹಿಸಿಕೊಳ್ಳುತ್ತೀರಿ ಅನ್ನುವುದರ ಮೇಲೆ ಆಯ್ಕೆ ನಿಂತಿದೆ.

ಇಲಿಯಡ್: ಸಿಟ್ಟಿನ ಮನುಷ್ಯ

ಕಾವ್ಯದ ಮೊದಲ ಪದವೇ ಸಿಟ್ಟು, ಗ್ರೀಕಿನಲ್ಲಿ 'ಮೇನಿಸ್'. ಗ್ರೀಕರು ಟ್ರಾಯ್ ಊರಿನ ಮೇಲೆ ಹೂಡಿದ ಯುದ್ಧದ ಹತ್ತನೇ ವರ್ಷ. ಗ್ರೀಕರ ದೊಡ್ಡ ದೊರೆ ಆಗಮೆಮ್ನಾನ್ ಒಬ್ಬ ಪೂಜಾರಿಯ ಮಗಳನ್ನು ಸೆರೆಯಲ್ಲಿ ಇಟ್ಟುಕೊಂಡಿದ್ದಾನೆ. ಅಪೊಲೊ ದೇವರು ದಂಡಿನ ಮೇಲೆ ರೋಗ ಬಿಡುತ್ತಾನೆ, ಹುಡುಗಿಯನ್ನು ವಾಪಸ್ ಕೊಡಬೇಕಾಗುತ್ತದೆ. ಆ ನಷ್ಟ ತುಂಬಿಕೊಳ್ಳಲು ಅವನು ಗ್ರೀಕರ ದಂಡಿನ ದೊಡ್ಡ ವೀರ ಅಕಿಲೀಸನ ಪಾಲಿಗೆ ಬಂದಿದ್ದ ಬ್ರೈಸಿಸ್ ಎಂಬ ಹೆಣ್ಣನ್ನು ಕಿತ್ತುಕೊಳ್ಳುತ್ತಾನೆ. ಅಕಿಲೀಸ್ ಮುನಿಸಿಕೊಂಡು ಡೇರೆಯಲ್ಲಿ ಕೂರುತ್ತಾನೆ. ಅವನಿಲ್ಲದೆ ಗ್ರೀಕರು ಸಾಲು ಸಾಲಾಗಿ ಸಾಯುತ್ತಾರೆ. ಕಥೆಯ ಒಟ್ಟು ಅವಧಿ ಐವತ್ತು ದಿನದಷ್ಟು. ಅದರಲ್ಲಿ ಕಾದಾಟ ನಡೆಯುವುದು ನಾಲ್ಕೇ ದಿನ.

ಮರದ ಕುದುರೆ ಇದರಲ್ಲಿ ಇಲ್ಲ. ಅಕಿಲೀಸ್ ಸಾಯುವುದೂ ಇಲ್ಲ, ಟ್ರಾಯ್ ಬೀಳುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯ ಪುಟದವರೆಗೂ ಕುದುರೆಗೆ ಕಾದು ಕೂತವರನ್ನು ನೋಡಿದ್ದೇನೆ.

ಹಾಗಾದರೆ ಇರುವುದೇನು? ಒಂದು ಲೆಕ್ಕಾಚಾರ. ಒಂಬತ್ತನೇ ಸರ್ಗದಲ್ಲಿ ರಾಜಿ ಮಾಡಿಸಲು ಮೂವರು ಬರುತ್ತಾರೆ. ಅಕಿಲೀಸ್ ಅವರಿಗೆ ತನ್ನ ಮುಂದಿರುವ ಎರಡು ದಾರಿ ಹೇಳುತ್ತಾನೆ. ಇಲ್ಲೇ ನಿಂತು ಕಾದಿದರೆ ಮನೆಗೆ ಮರಳುವುದಿಲ್ಲ, ಆದರೆ ಅಳಿಯದ ಹೆಸರು ಉಳಿಯುತ್ತದೆ. ಊರಿಗೆ ಹೋದರೆ ಹೆಸರಿಲ್ಲ, ಆದರೆ ತುಂಬು ಆಯುಸ್ಸು. ಹೆಸರಿಗೆ ಗ್ರೀಕಿನಲ್ಲಿ 'ಕ್ಲೆಯೋಸ್', ಮರಳಿ ಮನೆ ಸೇರುವುದಕ್ಕೆ 'ನಾಸ್ಟೋಸ್'. ಈ ಎರಡು ಪದ ಗೊತ್ತಿದ್ದರೆ ಮುಂದೆ ಯಾವ ಗ್ರೀಕ್ ಕಾವ್ಯ ತೆಗೆದರೂ ದಾರಿ ಕಾಣುತ್ತದೆ.

ಅಕಿಲೀಸನನ್ನು ಇಷ್ಟಪಡುವುದು ಸುಲಭವಲ್ಲ. ಗೆಳೆಯ ಪೆಟ್ರೊಕ್ಲಸ್ ಸತ್ತ ಮೇಲೆ ಅವನು ಮನುಷ್ಯನಂತೆಯೇ ಉಳಿಯುವುದಿಲ್ಲ. ಅವನನ್ನು ಕೊಂದ ಟ್ರಾಯ್ ದೊರೆಯ ಮಗ ಹೆಕ್ಟರನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ. ನನ್ನಂಥ ಓದುಗರು ಉಸಿರು ತೆಗೆದುಕೊಳ್ಳುವುದು ಹೆಕ್ಟರನ ಹತ್ತಿರ. ಆರನೇ ಸರ್ಗದಲ್ಲಿ ಅವನು ಯುದ್ಧದ ನಡುವೆ ಊರೊಳಗೆ ಬಂದಿದ್ದಾನೆ. ಕೋಟೆ ಬಾಗಿಲ ಹತ್ತಿರ ಹೆಂಡತಿ ಆಂಡ್ರೊಮಾಕಿ ಓಡಿಬರುತ್ತಾಳೆ. ಅವಳ ತಂದೆಯನ್ನೂ ಏಳು ಅಣ್ಣತಮ್ಮಂದಿರನ್ನೂ ಕೊಂದವನು ಇದೇ ಅಕಿಲೀಸ್. ಈಗ ನೀನೇ ನನಗೆ ಅಪ್ಪ, ಅಮ್ಮ, ಅಣ್ಣ, ಗಂಡ ಅನ್ನುತ್ತಾಳೆ. ದಾದಿಯ ಕೈಯಲ್ಲಿ ಕೂಸು. ಹೆಕ್ಟರ್ ಎತ್ತಿಕೊಳ್ಳಲು ಕೈ ಚಾಚುತ್ತಾನೆ. ಕೂಸು ಚೀರಿ ದಾದಿಯ ಎದೆಗೆ ಒರಗುತ್ತದೆ. ಅಪ್ಪನ ತಲೆಯ ಮೇಲಿನ ಕಂಚಿನ ಟೋಪಿ, ಅದರ ತುದಿಯಲ್ಲಿ ಅಲ್ಲಾಡುವ ಕುದುರೆ ಕೂದಲಿನ ಜುಟ್ಟು ಕಂಡು ಹೆದರಿದೆ. ಅಪ್ಪ ಅಮ್ಮ ಇಬ್ಬರಿಗೂ ನಗು ಬರುತ್ತದೆ. ಹೆಕ್ಟರ್ ಟೋಪಿ ತೆಗೆದು ನೆಲದ ಮೇಲಿಡುತ್ತಾನೆ, ಅದು ಅಲ್ಲೇ ಥಳಥಳ ಹೊಳೆಯುತ್ತ ಕೂತಿರುತ್ತದೆ. ಆಮೇಲೆ ಮಗುವನ್ನು ಎತ್ತಿ ಆಡಿಸಿ, ಇವನು ಅಪ್ಪನನ್ನೂ ಮೀರಿಸಿದ ಅನ್ನಿಸಿಕೊಳ್ಳಲಿ ಎಂದು ದೇವರನ್ನು ಬೇಡುತ್ತಾನೆ. ಸಾವಿರಾರು ಸಾಲು ಕಾದಾಟದ ನಡುವೆ ಆ ಟೋಪಿ ನನ್ನ ಕಣ್ಣಿಂದ ಹೋಗಿಲ್ಲ.

ಕಷ್ಟವೂ ಇದೆ. ನಡುವಿನ ಕೆಲವು ಸರ್ಗ ಬರೀ ಕೊಲೆ. ಯಾರೋ ಬಂದ, ಅವನ ಅಪ್ಪನ ಹೆಸರು ಇದು, ಅವನೂರಲ್ಲಿ ದ್ರಾಕ್ಷಿ ತೋಟವಿತ್ತು, ಈಟಿ ಎಲ್ಲಿ ನಾಟಿತು, ಹೇಗೆ ಬಿದ್ದ. ಮತ್ತೆ ಇನ್ನೊಬ್ಬ. ಸಾಮಾನ್ಯವಾಗಿ ಇದೇ ಕಾರಣ ಕೊಟ್ಟು ಹೊಸಬರಿಗೆ ಒಡಿಸ್ಸಿ ಮೊದಲು ಓದಿ ಅನ್ನುತ್ತಾರೆ. ನನಗೆ ಈ ಸಲಹೆ ಪೂರ್ತಿ ಒಪ್ಪಿಗೆಯಿಲ್ಲ. ಕುರುಕ್ಷೇತ್ರ ಕೇಳಿ ಬೆಳೆದವರಿಗೆ ಇಲಿಯಡ್ ಅಷ್ಟೇನೂ ಹೊಸದಲ್ಲ. ಹತ್ತಾರು ವೀರರ ಹೆಸರು, ಅವರ ಕುಲ, ಬೈದುಕೊಂಡೇ ಬಾಣ ಬಿಡುವುದು, ದೇವರು ಪಕ್ಷ ಹಿಡಿಯುವುದು, ಸತ್ತವನಿಗಾಗಿ ಹೆಂಗಸರು ಅಳುವುದು ಎಲ್ಲಕ್ಕೂ ನಮ್ಮ ಕಿವಿ ಒಗ್ಗಿದೆ. ಯಕ್ಷಗಾನದಲ್ಲಿ ಒಬ್ಬ ವೇಷಧಾರಿ ಬಂದು ತಾನು ಯಾರು ಎಂದು ಕಾಲು ಗಂಟೆ ಹೇಳಿಕೊಂಡರೂ ನಾವು ಎದ್ದು ಹೋಗುವುದಿಲ್ಲ, ಅಲ್ವಾ? ಇಲ್ಲಿ ಬೇಕಾಗುವುದು ಅಷ್ಟೇ ತಾಳ್ಮೆ.

ಒಡಿಸ್ಸಿ: ಸುಳ್ಳು ಹೇಳಿ ಬದುಕಿದವನು

ಇದರ ಮೊದಲ ಪದ 'ಮನುಷ್ಯ'. ಸಿಟ್ಟಿನಿಂದ ಮನುಷ್ಯನ ಕಡೆಗೆ, ಯುದ್ಧಭೂಮಿಯಿಂದ ಮನೆಯ ಕಡೆಗೆ. ಇಥಾಕಾ ದ್ವೀಪದ ದೊರೆ ಒಡಿಸ್ಯೂಸ್ ಹತ್ತು ವರ್ಷ ಟ್ರಾಯಿನಲ್ಲಿ ಕಾದಿದ, ಇನ್ನು ಹತ್ತು ವರ್ಷ ದಾರಿಯಲ್ಲಿ ಕಳೆದ. ಅದರಲ್ಲಿ ಏಳು ವರ್ಷ ಕ್ಯಾಲಿಪ್ಸೊ ಎಂಬ ದೇವತೆಯ ದ್ವೀಪದಲ್ಲೇ ಸಿಕ್ಕಿಕೊಂಡಿದ್ದ. ಅವಳು ಸಾವಿಲ್ಲದ ಬದುಕು ಕೊಡುತ್ತೇನೆ ಅನ್ನುತ್ತಾಳೆ. ಇವನು ಕಡಲ ದಂಡೆಯಲ್ಲಿ ಕೂತು ಊರಿನ ನೆನಪಲ್ಲಿ ಅಳುತ್ತಾನೆ. ನಾವು ಅವನನ್ನು ಮೊದಲು ನೋಡುವುದೇ ಹೀಗೆ ಅಳುವಾಗ, ಅದೂ ಐದನೇ ಸರ್ಗದಲ್ಲಿ. ಅದಕ್ಕೂ ಮೊದಲಿನ ನಾಲ್ಕು ಸರ್ಗ ಅಪ್ಪನನ್ನು ಹುಡುಕಿ ಹೊರಟ ಮಗ ಟೆಲಿಮಾಕಸ್‌ನದು. ಬೇಜಾರಾದರೆ ಐದಕ್ಕೆ ಹಾರಿ, ಆಮೇಲೆ ವಾಪಸ್ ಬನ್ನಿ. ಕಥೆ ಕೆಡುವುದಿಲ್ಲ.

ಒಂದೇ ಕಣ್ಣಿನ ರಕ್ಕಸ, ಹಾಡಿ ಕೊಲ್ಲುವ ಸೈರೆನ್‌ಗಳು, ಮನುಷ್ಯರನ್ನು ಹಂದಿ ಮಾಡುವ ಸರ್ಸಿ ಎಲ್ಲ ಬರುವುದು 9ರಿಂದ 12ನೇ ಸರ್ಗದೊಳಗೆ. ಅದೂ ಒಡಿಸ್ಯೂಸ್ ತನ್ನ ಬಾಯಿಂದಲೇ ಹೇಳಿದ ಕಥೆ. ಎಷ್ಟು ನಿಜವೋ ಅವನಿಗೇ ಗೊತ್ತು! ರಕ್ಕಸನಿಗೆ ತನ್ನ ಹೆಸರು 'ಯಾರೂ ಇಲ್ಲ' ಎಂದು ಹೇಳಿ, ಕಣ್ಣು ಚುಚ್ಚಿ ತಪ್ಪಿಸಿಕೊಳ್ಳುತ್ತಾನೆ. 'ಯಾರೂ ಇಲ್ಲ ನನ್ನನ್ನು ಕೊಲ್ಲುತ್ತಿದ್ದಾನೆ' ಅಂತ ರಕ್ಕಸ ಕೂಗಿದರೆ ಓಡಿಬಂದ ನೆರೆಯವರು ಸಹಾಯಕ್ಕೆ ನಿಲ್ಲುವುದಾದರೂ ಏಕೆ? ಆದರೆ ಹಡಗು ಹತ್ತಿದ ಮೇಲೆ ತಡೆಯಲಾರದೆ ತನ್ನ ನಿಜ ಹೆಸರು, ಅಪ್ಪನ ಹೆಸರು, ಊರು ಎಲ್ಲ ಕೂಗಿ ಹೇಳಿಬಿಡುತ್ತಾನೆ. ವಿಳಾಸ ಸಿಕ್ಕ ಮೇಲೆ ರಕ್ಕಸ ಸುಮ್ಮನಿರುತ್ತಾನೆಯೇ? ಅಪ್ಪ ಪೊಸೈಡನ್‌ಗೆ ದೂರು ಕೊಡುತ್ತಾನೆ, ಕಡಲ ದೇವರು ಬೆನ್ನು ಹತ್ತುತ್ತಾನೆ. ಮನೆ ಸೇರಬೇಕಾದವನಿಗೂ ಹೆಸರಿನ ಆಸೆ ಬಿಟ್ಟಿಲ್ಲ.

ಇಲಿಯಡ್ ಓದಿದವರಿಗೆ 11ನೇ ಸರ್ಗದಲ್ಲಿ ಒಂದು ಪೆಟ್ಟು ಕಾದಿದೆ. ಸತ್ತವರ ಲೋಕದಲ್ಲಿ ಅಕಿಲೀಸ್ ಸಿಗುತ್ತಾನೆ. ಇಲ್ಲೂ ನೀನೇ ದೊರೆ ಬಿಡು ಎಂದು ಒಡಿಸ್ಯೂಸ್ ಸಮಾಧಾನ ಹೇಳುತ್ತಾನೆ. ಅದಕ್ಕೆ ಅಕಿಲೀಸ್, ಸತ್ತವರಿಗೆಲ್ಲ ದೊರೆಯಾಗುವುದಕ್ಕಿಂತ ಭೂಮಿಯ ಮೇಲೆ ಗತಿಯಿಲ್ಲದವನ ಹೊಲದಲ್ಲಿ ಕೂಲಿ ಮಾಡಿಕೊಂಡಿರುವುದೇ ವಾಸಿ ಅನ್ನುತ್ತಾನೆ. ಹೆಸರಿಗಾಗಿ ಆಯುಸ್ಸು ಕೊಟ್ಟವನ ಮಾತು ಇದು. ಇಲಿಯಡ್ ಓದದೆ ಇಲ್ಲಿಗೆ ಬಂದರೆ ಈ ಮಾತು ಸುಮ್ನೆ ದಾಟಿ ಹೋಗುತ್ತದೆ. ಒಡಿಸ್ಸಿಯಿಂದ ಶುರು ಮಾಡುವುದರಲ್ಲಿ ಆಗುವ ದೊಡ್ಡ ನಷ್ಟ ಇದೇ.

ದ್ವಿತೀಯಾರ್ಧ ನಿಧಾನ. ಇಥಾಕಾ ಸೇರಿದ ಮೇಲೂ ಅವನು ಭಿಕ್ಷುಕನ ವೇಷದಲ್ಲಿ ಹಂದಿ ಕಾಯುವವನ ಗುಡಿಸಲಲ್ಲಿ ಕೂತು ಸುಳ್ಳು ಕಥೆ ಹೇಳುತ್ತಾನೆ. ಸಾಹಸ ಬೇಕು ಅಂತ ಬಂದವರು ಇಲ್ಲಿ ಆಕಳಿಸುತ್ತಾರೆ. ನನಗೆ ಈ ಭಾಗವೇ ಪ್ರಾಣ. 17ನೇ ಸರ್ಗದಲ್ಲಿ ತನ್ನ ಮನೆಯ ಬಾಗಿಲಿಗೇ ಭಿಕ್ಷುಕನಾಗಿ ಬರುತ್ತಾನೆ. ಹೊರಗೆ ಗೊಬ್ಬರದ ರಾಶಿಯ ಮೇಲೆ ಮೈತುಂಬ ಉಣ್ಣಿ ಹತ್ತಿದ ಒಂದು ಮುದಿ ನಾಯಿ. ಹೆಸರು ಆರ್ಗೋಸ್. ಹೊರಡುವ ಮೊದಲು ಅವನೇ ಸಾಕಿದ ಮರಿ. ದನಿ ಕೇಳಿ ಕಿವಿ ತಗ್ಗಿಸುತ್ತದೆ, ಬಾಲ ಆಡಿಸುತ್ತದೆ, ಎದ್ದು ಬರಲು ಆಗುವುದಿಲ್ಲ. ಮುಟ್ಟಿದರೆ ಗುಟ್ಟು ರಟ್ಟಾಗುತ್ತದೆ, ಅದಕ್ಕೆ ಇವನೂ ಹತ್ತಿರ ಹೋಗುವ ಹಾಗಿಲ್ಲ. ಮುಖ ತಿರುಗಿಸಿ ಕಣ್ಣೊರೆಸಿಕೊಂಡು ಮುಂದೆ ಹೋಗುತ್ತಾನೆ. ಇಪ್ಪತ್ತನೇ ವರ್ಷಕ್ಕೆ ಯಜಮಾನನನ್ನು ನೋಡಿದ ನಾಯಿ ಅಲ್ಲೇ ಸಾಯುತ್ತದೆ.

ರಕ್ತ ಇಲ್ಲಿ ಕಡಿಮೆ ಅಂತ ನಂಬಬೇಡಿ. ಅವನ ಹೆಂಡತಿ ಪೆನೆಲೋಪೆಯನ್ನು ಮದುವೆಯಾಗಲು ಮನೆಯಲ್ಲೇ ಬೀಡುಬಿಟ್ಟ 108 ಮಂದಿಯನ್ನು 22ನೇ ಸರ್ಗದಲ್ಲಿ ಕೊಲ್ಲುತ್ತಾನೆ. ಅವರ ಜೊತೆ ಮಲಗಿದ್ದರೆಂದು ಹನ್ನೆರಡು ದಾಸಿಯರನ್ನು ನೇಣು ಹಾಕಿಸುತ್ತಾರೆ. ಬಲೆಗೆ ಬಿದ್ದ ಹಕ್ಕಿಗಳ ಹಾಗೆ, ಕಾಲು ಒಂದಿಷ್ಟು ಒದ್ದಾಡಿದವು, ಜಾಸ್ತಿ ಹೊತ್ತಲ್ಲ ಎಂದು ಕವಿ ಬರೆಯುತ್ತಾನೆ. ಇಲಿಯಡ್‌ನ ನೂರು ಸಾವಿಗಿಂತ ಇದು ಹೆಚ್ಚು ಚುಚ್ಚುತ್ತದೆ. ಮಕ್ಕಳಿಗೆ ಓದಿ ಹೇಳುವವರು ಈ ಸರ್ಗವನ್ನು ಮೊದಲೇ ನೋಡಿಕೊಂಡಿರಿ.

ಆರ್ಗೊನಾಟಿಕಾ: ಕೈಲಾಗದ ನಾಯಕ, ಕೈಲಾಗುವ ಹುಡುಗಿ

ಹೋಮರನಾದ ಎಷ್ಟೋ ನೂರು ವರ್ಷಗಳ ಮೇಲೆ, ಕ್ರಿ.ಪೂ. 3ನೇ ಶತಮಾನದಲ್ಲಿ, ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿದ್ದ ಅಪೊಲೋನಿಯಸ್ ಬರೆದ ಕಾವ್ಯ. ನಾಲ್ಕೇ ಸರ್ಗ, 5,835 ಸಾಲು. ಪುರುಸೊತ್ತು ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಚಿನ್ನದ ಉಣ್ಣೆಯ ತುಪ್ಪಟ ತರಲು ಜೇಸನ್ ಆರ್ಗೊ ಎಂಬ ಹಡಗಿನಲ್ಲಿ ಕಪ್ಪು ಸಮುದ್ರದ ಆಚೆ ತುದಿಯ ಕೋಲ್ಕಿಸ್‌ಗೆ, ಅಂದರೆ ಈಗಿನ ಜಾರ್ಜಿಯಾ ದೇಶದ ಕಡೆಗೆ, ಹೋಗುತ್ತಾನೆ.

ಜೇಸನ್‌ಗೆ ಕವಿ ಮತ್ತೆ ಮತ್ತೆ ಹಚ್ಚುವ ಪದ 'ಅಮೇಖನೋಸ್', ಏನೂ ತೋಚದವನು. ಹಡಗಿನ ಯಜಮಾನ ಯಾರಾಗಬೇಕು ಎಂದಾಗ ಎಲ್ಲರೂ ನೋಡುವುದು ಜೊತೆಗೆ ಬಂದ ಮಹಾಬಲಶಾಲಿ ಹೆರಾಕ್ಲೀಸ್ ಕಡೆಗೆ. ಅವನು ಬೇಡ ಅಂದದ್ದರಿಂದ ಇವನಿಗೆ ಪಟ್ಟ. ಮೊದಲೆರಡು ಸರ್ಗದಲ್ಲಿ ಊರಿಂದೂರಿಗೆ ಪ್ರಯಾಣ. ಚೆನ್ನಾಗಿದೆ, ಆದರೆ ಅದಕ್ಕಾಗಿ ಈ ಕಾವ್ಯ ಓದಿ ಅಂತ ಹೇಳುವುದಿಲ್ಲ.

ಮೂರನೇ ಸರ್ಗಕ್ಕಾಗಿ ಓದಿ. ಕೋಲ್ಕಿಸ್ ದೊರೆಯ ಮಗಳು ಮೆಡಿಯಾಗೆ ಜೇಸನ್ ಮೇಲೆ ಮನಸ್ಸಾಗಿದೆ. ಅವನನ್ನು ಉಳಿಸಬೇಕಾದರೆ ಅಪ್ಪನಿಗೆ ದ್ರೋಹ ಮಾಡಬೇಕು. ರಾತ್ರಿಯಾಗಿದೆ. ಮಕ್ಕಳನ್ನು ಕಳೆದುಕೊಂಡ ತಾಯಿಗೂ ನಿದ್ದೆ ಹತ್ತಿದೆ, ಊರಲ್ಲಿ ನಾಯಿ ಬೊಗಳುವುದೂ ನಿಂತಿದೆ. ಇವಳಿಗೆ ಮಾತ್ರ ನಿದ್ದೆಯಿಲ್ಲ. ಆಗತಾನೆ ಹಂಡೆಗೆ ಸುರಿದ ನೀರಿನ ಮೇಲೆ ಬಿಸಿಲು ಬಿದ್ದು, ಅದರ ಬೆಳಕು ಗೋಡೆಯ ಮೇಲೆ ಅಲ್ಲಿಂದಿಲ್ಲಿಗೆ ಕುಣಿಯುವ ಹಾಗೆ ಅವಳ ಎದೆ ಕುಣಿಯುತ್ತದೆ. ಬಚ್ಚಲು ಮನೆಯ ಹಂಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದ್ದಿನ ಪೆಟ್ಟಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಸಾಯೋಣ ಎಂದುಕೊಳ್ಳುತ್ತಾಳೆ. ಆಮೇಲೆ ಬದುಕಿನ ಸಣ್ಣ ಸಣ್ಣ ಸುಖಗಳು ನೆನಪಾಗಿ ಪೆಟ್ಟಿಗೆ ಪಕ್ಕಕ್ಕಿಡುತ್ತಾಳೆ, ಯಾವಾಗ ಬೆಳಗಾಗುತ್ತದೋ ಎಂದು ಬಾಗಿಲು ತೆರೆದು ತೆರೆದು ನೋಡುತ್ತಾಳೆ. ಕೆಲಸವೆಲ್ಲ ಅವಳ ಮದ್ದಿನಿಂದ ಆಗುತ್ತದೆ, ಹೆಸರು ಜೇಸನ್‌ಗೆ. ನಾಲ್ಕನೇ ಸರ್ಗದಲ್ಲಿ ಅವಳ ಅಣ್ಣನನ್ನೇ ಮೋಸದಿಂದ ಕೊಲ್ಲುವಾಗ ಈ ಪ್ರೇಮಕ್ಕೆ ಹಿಡಿದ ತುಕ್ಕು ಕಾಣುತ್ತದೆ. ಗಂಡು ವೀರರ ಗದ್ದಲ ಸಾಕಾಗಿದೆ ಅನ್ನುವವರು ಇಲ್ಲಿಂದಲೇ ಶುರು ಮಾಡಬಹುದು.

ವೀರರೇ ಬೇಡ ಅನ್ನುವವರಿಗೆ

ಹೆಸಿಯಡ್ ಇದ್ದಾನೆ. ಅವನ 'ಕೆಲಸ ಮತ್ತು ದಿನಗಳು' 828 ಸಾಲು, ಒಂದು ಸಂಜೆಯ ಓದು. ಛಂದಸ್ಸು ಹೋಮರನದೇ, ವಿಷಯ ಮಾತ್ರ ಹೊಲ. ತಮ್ಮ ಪರ್ಸಿಸ್ ಆಸ್ತಿ ಪಾಲಿನಲ್ಲಿ ಮೋಸ ಮಾಡಿದ, ದೊರೆಗಳು ಲಂಚ ತಿಂದರು ಎಂದು ಅಣ್ಣನ ಗೊಣಗಾಟ. ತನ್ನೂರು ಆಸ್ಕ್ರಾ ಚಳಿಗಾಲದಲ್ಲಿ ಕೆಟ್ಟದ್ದು, ಬೇಸಿಗೆಯಲ್ಲಿ ಕಷ್ಟ, ಯಾವಾಗಲೂ ಒಳ್ಳೆಯದಲ್ಲ ಅನ್ನುತ್ತಾನೆ. ಕೃತ್ತಿಕೆ ಹುಟ್ಟಿದಾಗ ಕೊಯ್ಲು, ಮುಳುಗುವಾಗ ಉಳುಮೆ ಎಂದೂ ಹೇಳುತ್ತಾನೆ. ಅಲ್ಲಿ ಮಳೆ ಚಳಿಗಾಲದಲ್ಲಿ, ಅದಕ್ಕೆ ನಮ್ಮ ಕೃತ್ತಿಕೆ ಮಳೆಯ ಲೆಕ್ಕಕ್ಕೆ ಉಲ್ಟಾ. ಯುಗಗಳೂ ಇವೆ, ನಮ್ಮಲ್ಲಿ ನಾಲ್ಕು, ಅವನಲ್ಲಿ ಐದು. ಟ್ರಾಯಿನಲ್ಲಿ ಸತ್ತ ವೀರರಿಗೆ ನಾಲ್ಕನೆಯದನ್ನು ಕೊಟ್ಟು, ಐದನೇ ಕಬ್ಬಿಣದ ಯುಗದಲ್ಲಿ ನಾನು ಹುಟ್ಟಬಾರದಿತ್ತು ಎಂದು ಕೊರಗುತ್ತಾನೆ.

ಮರದ ಕುದುರೆಯೇ ಬೇಕು ಅನ್ನುವ ಹಠ ಇದ್ದರೆ ಸ್ಮಿರ್ನಾದ ಕ್ವಿಂಟಸ್ ಬಹಳ ಕಾಲದ ಮೇಲೆ ಬರೆದ 14 ಸರ್ಗದ 'ಪೋಸ್ಟ್‌ಹೋಮೆರಿಕಾ' ನೋಡಿ. ಅಕಿಲೀಸನ ಸಾವು, ಇನ್ನೊಬ್ಬ ಗ್ರೀಕ್ ವೀರ ಏಜಾಕ್ಸನ ಹುಚ್ಚು, ಕುದುರೆ, ಊರು ಸುಟ್ಟದ್ದು ಎಲ್ಲ ಅದರಲ್ಲಿದೆ. ಕಾವ್ಯ ಸುಮಾರು, ಕಥೆ ಪೂರ್ತಿ. ಏಜಾಕ್ಸ್ ಕನ್ನಡಕ್ಕೂ ಬಂದವನು. ಅವನ ಬಗ್ಗೆ ಸೋಫೋಕ್ಲಿಸ್ ಬರೆದ ನಾಟಕವನ್ನು ಹಿಡಿದು ಬಿ.ಎಂ.ಶ್ರೀ. 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಮಾನ ಹೋದ ವೀರನ ಜಾಗದಲ್ಲಿ ದ್ರೋಣನ ಮಗನನ್ನು ನಿಲ್ಲಿಸಿದರು. ಅದನ್ನು ಮೊದಲು ಓದಿ ಗ್ರೀಕರ ಕಡೆ ಹೋದರೂ ದಾರಿ ತಪ್ಪುವುದಿಲ್ಲ. ಇನ್ನು ನೊನ್ನಸ್ ಬರೆದ 48 ಸರ್ಗದ 'ಡಯೊನಿಸಿಯಾಕಾ' ಉಂಟು. ಡಯೊನಿಸಸ್ ದೇವರು ಭಾರತದ ಮೇಲೆ ದಂಡೆತ್ತಿ ಬರುವ ಕಥೆ. ನಮ್ಮ ಹೆಸರಿದೆ ಅಂತ ಖುಷಿಯಾಗಿ ಮೊದಲ ಓದಿಗೆ ಅದನ್ನು ತೆಗೆಯಬೇಡಿ.

ಅನುವಾದ ಮತ್ತು ದುಡ್ಡು

ದುಡ್ಡು ಹಾಕದೆ ಓದಬೇಕೆಂದರೆ ಸ್ಯಾಮ್ಯುಯೆಲ್ ಬಟ್ಲರ್ ಮಾಡಿದ ಗದ್ಯ ಅನುವಾದಗಳು ಇವೆ. ಇಲಿಯಡ್ 1898ರದು, ಒಡಿಸ್ಸಿ 1900ರದು. ಹಕ್ಕು ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಓಟ ಚೆನ್ನಾಗಿದೆ, ಆದರೆ ದೇವರಿಗೆಲ್ಲ ರೋಮನ್ ಹೆಸರು. ಸ್ಯೂಸ್ ಅಲ್ಲಿ ಜೋವ್, ಅಥೀನಾ ಮಿನರ್ವಾ, ಒಡಿಸ್ಯೂಸ್ ಯುಲಿಸಿಸ್. ಒಂದು ಚೀಟಿಯಲ್ಲಿ ಜೋಡಿ ಹೆಸರು ಬರೆದು ಪುಟದ ನಡುವೆ ಇಟ್ಟುಕೊಳ್ಳಿ. ಆರ್ಗೊನಾಟಿಕಾಗೆ 1912ರ ಸೀಟನ್, ಹೆಸಿಯಡ್‌ಗೆ 1914ರ ಎವೆಲಿನ್-ವೈಟ್, ಎರಡೂ ಉಚಿತ. ಇಂಗ್ಲಿಷ್ ಸ್ವಲ್ಪ ಹಳೇ ಕಾಲದ್ದು.

ದುಡ್ಡು ಕೊಟ್ಟು ಒಂದೇ ಪುಸ್ತಕ ಕೊಳ್ಳುವುದಾದರೆ ನಾನು ಎಮಿಲಿ ವಿಲ್ಸನ್ನರ 2017ರ ಒಡಿಸ್ಸಿ ಕೊಳ್ಳುತ್ತೇನೆ. ಗ್ರೀಕಿನಲ್ಲಿ ಎಷ್ಟು ಸಾಲೋ ಅದರಲ್ಲೂ ಅಷ್ಟೇ ಸಾಲು, ಸರಳ ಮಾತು. ಜೋರಾಗಿ ಓದಿ ಹೇಳಲು ರಾಬರ್ಟ್ ಫೇಗಲ್ಸ್ ಚೆನ್ನ. ಮೂಲಕ್ಕೆ ತೀರಾ ಹತ್ತಿರ ಇರಬೇಕು ಅನ್ನುವವರಿಗೆ ರಿಚ್ಮಂಡ್ ಲ್ಯಾಟಿಮೋರ್, ಆದರೆ ಮೊದಲ ಓದಿಗೆ ಅದು ಬಿಗಿ. ಯಾವುದೇ ತೆಗೆದರೂ 'ವೇಗದ ಕಾಲಿನ ಅಕಿಲೀಸ್', 'ಗುಲಾಬಿ ಬೆರಳಿನ ಉಷೆ' ಪದೇ ಪದೇ ಬರುತ್ತವೆ. ಇದು ಹಾಡಿ ಕಟ್ಟಿದ ಕಾವ್ಯದ ಗುಣ. ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಕೇಳಿದವರಿಗೆ ಇದರಲ್ಲಿ ಬೇಸರ ಆಗಲಾರದು.

ಕೊನೆಗೆ ಯಾರಿಗೆ ಯಾವುದು

ಮಹಾಭಾರತದ ರುಚಿ ಇದ್ದು, ತಿಂಗಳ ಪುರುಸೊತ್ತು ಇದ್ದರೆ ಇಲಿಯಡ್, ಆಮೇಲೆ ಒಡಿಸ್ಸಿ. ಈ ಕ್ರಮದಲ್ಲಿ ಹೋದರೆ 11ನೇ ಸರ್ಗದ ಅಕಿಲೀಸ್ ನಿಮ್ಮನ್ನು ಬಿಡುವುದಿಲ್ಲ. ಯುದ್ಧದ ವರ್ಣನೆ ಆಗದು, ಕಥೆ ಓಡಬೇಕು ಅನ್ನುವವರು ಒಡಿಸ್ಸಿ ಹಿಡಿಯಿರಿ. ಊರು ಬಿಟ್ಟು ದೂರದಲ್ಲಿ ಇರುವವರಿಗೂ ಅದೇ ಹೇಳುತ್ತೇನೆ. ನಾಲ್ಕು ದಿನ ರಜೆ ಮಾತ್ರ ಸಿಕ್ಕಿದೆಯೇ? ಆರ್ಗೊನಾಟಿಕಾ, ದಿನಕ್ಕೊಂದು ಸರ್ಗ.

ಇನ್ನೂ ತೀರ್ಮಾನ ಆಗದಿದ್ದರೆ ಇವತ್ತು ರಾತ್ರಿ ಫೋನಿನಲ್ಲೇ ಬಟ್ಲರನ ಇಲಿಯಡ್ ತೆಗೆದು ಕೊನೆಯ ಸರ್ಗವೊಂದನ್ನೇ ಓದಿ. ಗೊತ್ತಿರಬೇಕಾದದ್ದು ಇಷ್ಟೇ: ಅಕಿಲೀಸ್ ಹೆಕ್ಟರನನ್ನು ಕೊಂದು ಹೆಣ ಇಟ್ಟುಕೊಂಡಿದ್ದಾನೆ, ಹೆಕ್ಟರನ ಮುದಿ ಅಪ್ಪ ಪ್ರಿಯಾಮ್ ಕತ್ತಲಲ್ಲಿ ಶತ್ರುವಿನ ಡೇರೆಯೊಳಗೆ ಒಬ್ಬನೇ ಕಾಲಿಡುತ್ತಾನೆ. ಮಗನನ್ನು ಕೊಂದ ಕೈಗೆ ಮುತ್ತಿಡುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಇನ್ನೊಬ್ಬ ಅಪ್ಪನಿಗಾಗಿ ಮತ್ತು ಗೆಳೆಯನಿಗಾಗಿ. ಅತ್ತು ಮುಗಿದ ಮೇಲೆ ಅಕಿಲೀಸ್ ಎದ್ದು ಒಂದು ಕುರಿ ಕಡಿದು, ಅಜ್ಜ, ಊಟ ಮಾಡೋಣ ಅನ್ನುತ್ತಾನೆ. ಅಲ್ಲಿಗೆ ಬಂದು ನೀವು ಮೊದಲ ಸರ್ಗಕ್ಕೆ ವಾಪಸ್ ಹೋಗಬೇಕು ಅನ್ನಿಸಿದರೆ ಇಲಿಯಡ್ ನಿಮ್ಮದು. ಅನ್ನಿಸದಿದ್ದರೆ ಒಡಿಸ್ಸಿಯ 9ನೇ ಸರ್ಗ ತೆಗೆಯಿರಿ, ರಕ್ಕಸ ಕಾಯುತ್ತಿದ್ದಾನೆ.